ಪಿಸ್ಟನ್ ಆರ್ಡರ್ ಮಾಡೋಕ್ ಮುಂಚೆ ಪೆನ್ನು ಪೇಪರ್ ತಗೊಳ್ಳಿ: ಪರ್ಫಾರ್ಮೆನ್ಸ್ ಇಂಜಿನ್ ಒಳಗಿನ ಪಾರ್ಟ್ಸ್ ಆರಿಸೋದು ಹೇಗೆ

ಇಂಜಿನ್ ಬಿಲ್ಡ್ ಅಂದ ತಕ್ಷಣ ಎಲ್ರ ಬಾಯಲ್ಲೂ ಬರೋ ಮೊದಲನೇ ಪ್ರಶ್ನೆ "ಯಾವ ಪಿಸ್ಟನ್ ಹಾಕ್ಲಿ?" ನನ್ನ ಕೇಳಿದ್ರೆ ಅದು ಮೊದಲನೇ ಪ್ರಶ್ನೆ ಅಲ್ಲ, ನಾಲ್ಕನೇದೋ ಐದನೇದೋ ಆಗ್ಬೇಕು. ಪಿಸ್ಟನ್ ಒಂಟಿಯಾಗಿ ಕೆಲಸ ಮಾಡಲ್ಲ ನೋಡಿ, ಅದರ ಕೆಳಗೆ ರಾಡು, ರಾಡಿನ ಬುಡದಲ್ಲಿ ಬೇರಿಂಗು, ಅದರೊಳಗೆ ಕ್ರ್ಯಾಂಕು, ಮೇಲ್ಗಡೆ ಗ್ಯಾಸ್ಕೆಟ್ಟು ವಾಲ್ವು, ಸುತ್ತ ರಿಂಗು ಮತ್ತೆ ಬ್ಲಾಕಿನ ಗೋಡೆ, ಇದರಲ್ಲಿ ಒಂದನ್ನ ಬದಲಾಯಿಸಿದ್ರೆ ಇನ್ನೊಂದರ ಲೆಕ್ಕ ತಪ್ಪುತ್ತೆ. ದುಬಾರಿ ಪಿಸ್ಟನ್ ತಂದು ಲೆಕ್ಕ ತಪ್ಪಿಸಿ ಜೋಡಿಸಿದ ಇಂಜಿನ್ನಿಗಿಂತ, ಕಂಪನಿಯಿಂದ ಬಂದಿದ್ದ ಪಿಸ್ಟನ್ನನ್ನೇ ಅಳತೆ ಸರಿಯಾಗಿ ಇಟ್ಟು ಜೋಡಿಸಿದ ಇಂಜಿನ್ ಜಾಸ್ತಿ ದಿನ ಬಾಳುತ್ತೆ, ಇದನ್ನ ನಾನು ಕಣ್ಣಾರೆ ನೋಡಿದೀನಿ.

ಮೊದಲು ಒಂದು ಪೇಪರ್ ತಗೊಂಡು ಐದು ವಿಷಯ ಬರೀರಿ. ಯಾವ ಪೆಟ್ರೋಲ್ ಹಾಕ್ತೀರಿ, ಅಂದ್ರೆ ಆಕ್ಟೇನ್ ಎಷ್ಟು, ಎಥನಾಲ್ ಇದ್ಯಾ. ಟರ್ಬೋ ಇದ್ಯಾ ಇಲ್ವಾ, ಇದ್ರೆ ಎಷ್ಟು ಬೂಸ್ಟ್, ಅಂದ್ರೆ ಟರ್ಬೋ ಒತ್ತಿ ತುಂಬೋ ಗಾಳಿಯ ಒತ್ತಡ. ಗರಿಷ್ಠ ಆರ್‌ಪಿಎಂ ಎಲ್ಲಿಗೆ ನಿಲ್ಲಿಸ್ತೀರಿ. ಗಾಡಿ ದಿನಾ ಓಡಿಸ್ತೀರೋ, ವಾರಕ್ಕೊಂದ್ಸಲ ಟ್ರ್ಯಾಕಿಗೆ ಮಾತ್ರನೋ. ಕೊನೇದಾಗಿ ಎಷ್ಟು ಪವರ್ ಬೇಕು, ಇಲ್ಲಿ ದಯವಿಟ್ಟು ನಿಜ ಬರೀರಿ, ಸ್ನೇಹಿತರ ಮುಂದೆ ಹೇಳ್ಕೊಳ್ಳೋ ನಂಬರ್ ಬೇಡ. ಈ ಐದಕ್ಕೆ ಉತ್ತರ ಬರ್ದ್ಮೇಲೆ ಪಿಸ್ಟನ್ ತನ್ನಷ್ಟಕ್ಕೆ ತಾನೇ ಅರ್ಧ ಆಯ್ಕೆ ಆಗಿರುತ್ತೆ.

ಪಿಸ್ಟನ್ ಯಾವ ಲೋಹದ್ದು

ಅಲ್ಯೂಮಿನಿಯಂ ಪಿಸ್ಟನ್ನಲ್ಲಿ ಎರಡು ಜಾತಿ, ಅಚ್ಚಿಗೆ ಹೊಯ್ದು ಮಾಡೋ ಕಾಸ್ಟ್, ಒತ್ತಡದಲ್ಲಿ ಬಡಿದು ಮಾಡೋ ಫೋರ್ಜ್ಡ್. ಕಾಸ್ಟ್‌ನಲ್ಲೇ ಸಿಲಿಕಾನ್ ಜಾಸ್ತಿ ಹಾಕಿರೋದಕ್ಕೆ ಹೈಪರ್‌ಯೂಟೆಕ್ಟಿಕ್ ಅಂತಾರೆ, ಸುಮಾರು 16ರಿಂದ 18% ಸಿಲಿಕಾನ್ ಇರುತ್ತೆ. ಸಿಲಿಕಾನ್ ಜಾಸ್ತಿ ಆದಷ್ಟೂ ಬಿಸಿಗೆ ಹಿಗ್ಗೋದು ಕಮ್ಮಿ, ಸವೆಯೋದೂ ಕಮ್ಮಿ, ಆದ್ರೆ ಗಾಜಿನ ಥರ ಬಿರುಸು ಆಗುತ್ತೆ. ಟರ್ಬೋ ಇಲ್ದೆ ಇರೋ ರಸ್ತೆ ಗಾಡಿಗೆ ಇದು ಚೆನ್ನಾಗೇ ಇದೆ, ಇದನ್ನ ಕೀಳಾಗಿ ನೋಡ್ಬೇಡಿ. ತೊಂದರೆ ಬರೋದು ನಾಕಿಂಗ್ ಆದಾಗ, ಅಂದ್ರೆ ಮಿಶ್ರಣ ತಾನಾಗೇ ಹತ್ಕೊಂಡು ಸಿಡಿದಾಗ, ಒಂದೆರಡು ಜೋರಾದ ಹೊಡೆತಕ್ಕೇ ರಿಂಗ್ ಕೂರೋ ಅಂಚು ಬಿರುಕು ಬಿಟ್ಟು ತುಂಡಾಗಿ ಹೋಗುತ್ತೆ.

ಫೋರ್ಜ್ಡ್‌ನಲ್ಲಿ ನೀವು ಕೇಳೋ ಎರಡು ನಂಬರ್ 4032 ಮತ್ತೆ 2618. 4032ರಲ್ಲಿ ಸುಮಾರು 12% ಸಿಲಿಕಾನ್, 2618ರಲ್ಲಿ ಇಲ್ಲ ಅನ್ನೋಷ್ಟು ಕಮ್ಮಿ, 0.25%ಗಿಂತ ಕೆಳಗೆ. ಹಾಗಾಗಿ 2618 ಬಿಸಿಗೆ ಸುಮಾರು 15% ಜಾಸ್ತಿ ಹಿಗ್ಗುತ್ತೆ, ಅದಕ್ಕೆ ಗೋಡೆಗೂ ಪಿಸ್ಟನ್ನಿಗೂ ಮಧ್ಯೆ ಜಾಸ್ತಿ ಜಾಗ ಬಿಡ್ಬೇಕು, ಜಾಗ ಬಿಟ್ಟಿದ್ದಕ್ಕೆ ಬೆಳಿಗ್ಗೆ ತಣ್ಣಗಿರೋವಾಗ ಸ್ಟಾರ್ಟ್ ಮಾಡಿದ್ರೆ ಟಕಟಕ ಅಂತ ಪಿಸ್ಟನ್ ಗೋಡೆಗೆ ಬಡಿಯೋ ಸದ್ದು ಬರುತ್ತೆ, ಬಿಸಿ ಆದ್ಮೇಲೆ ನಿಲ್ಲುತ್ತೆ. ಪ್ರತಿಫಲ ಏನಪ್ಪಾ ಅಂದ್ರೆ 2618 ಬಗ್ಗುತ್ತೆ, ಮುರಿಯಲ್ಲ. ಹೊಡೆತ ಬಿದ್ರೆ ತಗ್ಗು ಬೀಳುತ್ತೆ ಹೊರತು ಚೂರಾಗಲ್ಲ. ಜಾಸ್ತಿ ಬೂಸ್ಟು, ನೈಟ್ರಸ್ಸು, ರೇಸು ಅಂದ್ರೆ 2618. ದಿನಾ ಓಡಿಸೋ ಗಾಡಿ, ಮಧ್ಯಮ ಬೂಸ್ಟ್ ಅಥವಾ ಬೂಸ್ಟೇ ಇಲ್ಲ, ಲಕ್ಷ ಕಿಲೋಮೀಟರ್ ಲೆಕ್ಕದಲ್ಲಿ ಬಾಳ್ಬೇಕು ಅಂದ್ರೆ 4032. ರಿಂಗ್ ಕೂರೋ ಗ್ರೂವ್ 2618ರಲ್ಲಿ ಬೇಗ ಸವೆಯುತ್ತೆ ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳಿ, ಅದು ಮೆದು ಲೋಹ.

ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ಫೋರ್ಜ್ಡ್ ಪಿಸ್ಟನ್ ನಾಕಿಂಗ್‌ಗೆ ಮದ್ದಲ್ಲ. ಇಗ್ನಿಷನ್ ಟೈಮಿಂಗ್ ತಪ್ಪಾಗಿದ್ರೆ, ಪೆಟ್ರೋಲ್ ಕಮ್ಮಿ ಬೀಳ್ತಿದ್ರೆ ಯಾವ ಪಿಸ್ಟನ್ ಆದ್ರೂ ಕರಗುತ್ತೆ. ಫೋರ್ಜ್ಡ್ ನಿಮಗೆ ಕೊಡೋದು ಒಂಚೂರು ಸಮಯ ಮಾತ್ರ, ಸದ್ದು ಕೇಳಿಸಿ ಕಾಲು ಎತ್ತೋವಷ್ಟು. ಟ್ಯೂನಿಂಗಿಗೆ ಅಂತ ಇಟ್ಟ ದುಡ್ಡನ್ನ ಪಿಸ್ಟನ್ನಿಗೆ ಖರ್ಚು ಮಾಡೋರನ್ನ ನೋಡಿದ್ರೆ ನಂಗೆ ನಿಜವಾಗ್ಲೂ ಬೇಜಾರಾಗುತ್ತೆ.

ಕಂಪ್ರೆಷನ್ ಲೆಕ್ಕ ನೀವೇ ಹಾಕಿ

ಕಂಪ್ರೆಷನ್ ಅಂದ್ರೆ ಸಿಲಿಂಡರ್ ಒಳಗಿನ ಮಿಶ್ರಣವನ್ನ ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತೆ ಅನ್ನೋದು. ಪಿಸ್ಟನ್ ಡಬ್ಬದ ಮೇಲೆ 9:1 ಅಂತ ಬರೆದಿದ್ರೆ ಅದು ಅವರು ಊಹೆ ಮಾಡ್ಕೊಂಡ ಹೆಡ್ಡು (ಸಿಲಿಂಡರ್ ಮೇಲಿನ ಮುಚ್ಚಳ), ಅವರು ಊಹೆ ಮಾಡ್ಕೊಂಡ ಗ್ಯಾಸ್ಕೆಟ್ಟಿಗೆ. ನಿಮ್ಮ ಹೆಡ್ಡನ್ನ ಹಿಂದೆ ಯಾರಾದ್ರೂ ಒಂದ್ಸಲ ಪ್ಲೇನಿಂಗ್ (ಅಡಿಭಾಗ ಕೆತ್ತಿ ಸಮ ಮಾಡೋದು) ಮಾಡಿಸಿದ್ರೆ ಲೆಕ್ಕ ಆಗ್ಲೇ ಬೇರೆ. ಅದಕ್ಕೆ ನೀವೇ ಹಾಕ್ಬೇಕು, ಕಷ್ಟ ಏನಿಲ್ಲ.

86 ಎಂಎಂ ಬೋರ್ (ಸಿಲಿಂಡರಿನ ಅಗಲ), 86 ಎಂಎಂ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡೋ ದೂರ) ತಗೊಳ್ಳೋಣ, ಹೋಂಡಾದ ಕೆ20, ಟೊಯೋಟಾದ 2ಜೆಝೆಡ್ ಎರಡೂ ಇದೇ ಅಳತೆ. ಬೋರನ್ನ ಸೆಂಟಿಮೀಟರಲ್ಲಿ ಬರೆದು ವರ್ಗ ಮಾಡಿ 0.7854ರಿಂದ ಗುಣಿಸಿ, ಅಂದ್ರೆ 8.6 × 8.6 × 0.7854, 58.1 ಬಂತು. ಅದನ್ನ ಸ್ಟ್ರೋಕ್ 8.6ರಿಂದ ಗುಣಿಸಿದ್ರೆ 499.6 ಸಿಸಿ, ಇದು ಒಂದು ಸಿಲಿಂಡರು ಎಳ್ಕೊಳ್ಳೋ ಜಾಗ. ಇನ್ನು ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯೋ ಜಾಗ ಕೂಡಿಸ್ಬೇಕು. ಹೆಡ್ಡಿನ ಗುಂಡಿ 46 ಸಿಸಿ ಅಂತಿಟ್ಕೊಳ್ಳಿ, ಇದನ್ನ ಸಿರಿಂಜು ಅಥವಾ ಬ್ಯೂರೆಟ್ಟು ಮತ್ತೆ ಒಂದು ಅಕ್ರಿಲಿಕ್ ಹಲಗೆ ಇಟ್ಟು ಅಳೆದೇ ತಿಳ್ಕೋಬೇಕು. ಗ್ಯಾಸ್ಕೆಟ್ 87 ಎಂಎಂ ತೂತು, 1.2 ಎಂಎಂ ದಪ್ಪ ಅಂದ್ರೆ 7.1 ಸಿಸಿ. ಪಿಸ್ಟನ್ ಬ್ಲಾಕಿನ ಮೇಲ್ಮೈಯಿಂದ 0.2 ಎಂಎಂ ಕೆಳಗೇ ನಿಲ್ಲುತ್ತೆ ಅಂದ್ರೆ 1.2 ಸಿಸಿ. ಪಿಸ್ಟನ್ ತಲೆ ಮೇಲೆ ತಟ್ಟೆ ಥರ ತಗ್ಗು 8 ಸಿಸಿ. ಒಟ್ಟು 62.3. ಈಗ 499.6ಕ್ಕೆ 62.3 ಸೇರಿಸಿ 62.3ರಿಂದ ಭಾಗಿಸಿ, 9.0 ಬಂತು. ಅದೇ ಇಂಜಿನ್ನಿಗೆ ಚಪ್ಪಟೆ ತಲೆ ಪಿಸ್ಟನ್, ವಾಲ್ವ್ ಗುಂಡಿ ಬರೀ 2 ಸಿಸಿ ಅಂತ ಹಾಕಿದ್ರೆ 9.9 ಆಗೋಯ್ತು. ಆರು ಸಿಸಿ ವ್ಯತ್ಯಾಸ, ಎರಡು ಚಮಚ ನೀರೂ ಇಲ್ಲ, ಆದ್ರೆ ಬೂಸ್ಟ್ ಇಂಜಿನ್ನಲ್ಲಿ ಅದು ಬದುಕೋದಕ್ಕೂ ಸಾಯೋದಕ್ಕೂ ಇರೋ ವ್ಯತ್ಯಾಸ.

ಎಷ್ಟು ಇಡ್ಬೇಕು ಅಂದ್ರೆ ಪೆಟ್ರೋಲನ್ನ ಕೇಳಿ. 2ಜೆಝೆಡ್-ಜಿಟಿಇ ಮತ್ತೆ ನಿಸ್ಸಾನ್ ಆರ್‌ಬಿ26 ಎರಡೂ ಟರ್ಬೋ ಇಂಜಿನ್ನು, ಎರಡೂ ಕಾರ್ಖಾನೆಯಿಂದ 8.5:1ರಲ್ಲೇ ಬಂದಿದ್ವು. ಟರ್ಬೋ ಇಲ್ದೆ ಇರೋ ಟೈಪ್ ಆರ್ ಕೆ20ಎ 11.5:1. ಪೋರ್ಟ್ ಇಂಜೆಕ್ಷನ್ (ಪೆಟ್ರೋಲ್ ಇನ್‌ಟೇಕ್ ವಾಲ್ವಿನ ಹಿಂದೆ ಚಿಮ್ಮೋದು) ಟರ್ಬೋ, ಸಾಮಾನ್ಯ ಬಂಕ್ ಪೆಟ್ರೋಲ್ ಅಂದ್ರೆ ನಾನು 8.5ರಿಂದ 9.5ರ ಒಳಗೆ ಇರಿ ಅಂತೀನಿ, ಎಥನಾಲ್ ಜಾಸ್ತಿ ಇರೋ ಇಂಧನ ಖಾಯಂ ಸಿಗುತ್ತೆ ಅಂದ್ರೆ ಇನ್ನೂ ಒಂದು ಮೇಲೆ ಹೋಗ್ಬಹುದು. ಕಂಪ್ರೆಷನ್ ತೀರಾ ಇಳಿಸಿದ್ರೂ ಒಳ್ಳೇದಲ್ಲ, ಬೂಸ್ಟ್ ಬರೋವರೆಗೆ ಗಾಡಿ ಸತ್ತಂಗಿರುತ್ತೆ, ದಿನಾ ಓಡಿಸೋರಿಗೆ ಅದೇ ದೊಡ್ಡ ತಲೆನೋವು.

ಇದರ ಜೊತೆಗೇ ಬರೋದು ಸ್ಕ್ವಿಶ್ ಜಾಗ, ಅಂದ್ರೆ ಪಿಸ್ಟನ್ನಿನ ಚಪ್ಪಟೆ ಅಂಚಿಗೂ ಹೆಡ್ಡಿನ ಚಪ್ಪಟೆ ಭಾಗಕ್ಕೂ ಮಧ್ಯೆ ಉಳಿಯೋ ಸಂದು. ಮೇಲಿನ ಲೆಕ್ಕದಲ್ಲಿ 0.2 ಮತ್ತೆ ಗ್ಯಾಸ್ಕೆಟ್ 1.2 ಸೇರಿ 1.4 ಎಂಎಂ ಆಯ್ತಲ್ಲ, ಅದು ಜಾಸ್ತಿ. ಸ್ಟೀಲ್ ರಾಡ್ ಇರೋ ಇಂಜಿನ್ನಿಗೆ 0.9ರಿಂದ 1.0 ಎಂಎಂ ಹತ್ತಿರ ಇದ್ರೆ ಮಿಶ್ರಣ ಚೆನ್ನಾಗಿ ಕಲಸಿ ಬೇಗ ಉರಿಯುತ್ತೆ, ನಾಕಿಂಗ್ ಕಮ್ಮಿ ಆಗುತ್ತೆ. ಗ್ಯಾಸ್ಕೆಟ್ 0.8 ಎಂಎಂದು ಹಾಕಿದ್ರೆ ಸಂದು 1.0ಗೆ ಬರುತ್ತೆ, ಕಂಪ್ರೆಷನ್ 9.0 ಇದ್ದಿದ್ದು 9.3 ಆಗುತ್ತೆ. ಕಂಪ್ರೆಷನ್ ಇಳಿಸೋಕೆ ಅಂತ ದಪ್ಪ ಗ್ಯಾಸ್ಕೆಟ್ ಹಾಕೋ ಅಭ್ಯಾಸ ಇದ್ಯಲ್ಲ, ಅದನ್ನ ಬಿಟ್ಬಿಡಿ, ಸ್ಕ್ವಿಶ್ ಹಾಳಾಗುತ್ತೆ. ಇಳಿಸೋದಿದ್ರೆ ಪಿಸ್ಟನ್ ತಲೆಯ ತಗ್ಗಿನಿಂದ ಇಳಿಸಿ.

ಎತ್ತರದ ಲೆಕ್ಕ, ತೂಕದ ಲೆಕ್ಕ

ಸ್ಟ್ರೋಕರ್ ಕ್ರ್ಯಾಂಕ್ (ಸ್ಟ್ರೋಕ್ ಜಾಸ್ತಿ ಮಾಡೋ ಕ್ರ್ಯಾಂಕ್) ಹಾಕೋ ಆಸೆ ಇರೋರು ಇದನ್ನ ಗಮನಿಸಿ. ಕ್ರ್ಯಾಂಕ್ ಮಧ್ಯದಿಂದ ಬ್ಲಾಕ್ ಮೇಲ್ಮೈವರೆಗಿನ ಎತ್ತರ ಬದಲಾಗಲ್ಲ. ಅದರೊಳಗೆ ಸ್ಟ್ರೋಕಿನ ಅರ್ಧ, ರಾಡಿನ ಉದ್ದ, ಪಿಸ್ಟನ್ನಿನ ಕಂಪ್ರೆಷನ್ ಹೈಟ್ ಮೂರೂ ಕೂರ್ಬೇಕು. ಕಂಪ್ರೆಷನ್ ಹೈಟ್ ಅಂದ್ರೆ ಪಿನ್ನಿನ ಮಧ್ಯದಿಂದ ಪಿಸ್ಟನ್ ತಲೆವರೆಗಿನ ಎತ್ತರ. 86 ಸ್ಟ್ರೋಕಿಗೆ ಅರ್ಧ 43, ರಾಡು 140, ಪಿಸ್ಟನ್ 30, ಒಟ್ಟು 213 ಅಂತಿಟ್ಕೊಳ್ಳಿ. ಸ್ಟ್ರೋಕ್ 92 ಮಾಡಿದ್ರೆ ಅರ್ಧ 46, ಅದೇ ರಾಡ್ ಇಟ್ಕೊಂಡ್ರೆ ಪಿಸ್ಟನ್ನಿಗೆ ಉಳಿಯೋದು 27. ಆ ಮೂರು ಎಂಎಂ ಕಳ್ಕೊಂಡ ಜಾಗದಲ್ಲೇ ಮೂರು ರಿಂಗು, ಪಿನ್ನು, ರಿಂಗ್ ಮೇಲಿನ ದಪ್ಪ ಎಲ್ಲಾ ಕೂರ್ಬೇಕು. ಹಾಗಾಗಿ ಸ್ಟ್ರೋಕರ್ ಕಿಟ್‌ನಲ್ಲಿ ರಾಡು ಒಂದು ಕಡೆ ಪಿಸ್ಟನ್ನು ಇನ್ನೊಂದು ಕಡೆ ತಗೊಳ್ಳೋ ಸಾಹಸ ಬೇಡ, ಪೂರ್ತಿ ಸೆಟ್ಟಾಗಿ ತಗೊಳ್ಳಿ. ಬೂಸ್ಟ್ ಇಂಜಿನ್ನಿಗೆ ಮೊದಲನೇ ರಿಂಗ್ ಮೇಲಿರೋ ಅಂಚು ದಪ್ಪ ಇರ್ಬೇಕು, ತೀರಾ ಮೇಲಕ್ಕೆ ಹೋದ ರಿಂಗ್ ಬೆಂಕಿಗೆ ಹತ್ರ ಆಗುತ್ತೆ.

ತೂಕದ ವಿಷಯಕ್ಕೆ ಬಂದ್ರೆ, ಇಲ್ಲಿ ಒಂದು ಲೆಕ್ಕ ನೋಡಿದ ದಿನ ನಂಗೆ ರಾಡ್ ಬೋಲ್ಟಿನ ಮೇಲೆ ಗೌರವ ಬಂತು. 86 ಸ್ಟ್ರೋಕು, 140 ರಾಡು, 7000 ಆರ್‌ಪಿಎಂ. ಪಿಸ್ಟನ್ನು ಪಿನ್ನು ರಿಂಗು ರಾಡಿನ ಮೇಲ್ತುದಿ ಸೇರಿ ಅರ್ಧ ಕೆಜಿ ಅಂತ ತಗೊಂಡ್ರೆ, ಪಿಸ್ಟನ್ ಮೇಲೆ ಹೋಗಿ ನಿಂತು ತಿರುಗೋ ಆ ಕ್ಷಣದಲ್ಲಿ ಆ ಅರ್ಧ ಕೆಜಿ ಒಂದೂವರೆ ಟನ್ ತೂಕದ ಬಲದಲ್ಲಿ ರಾಡನ್ನ ಎಳೆಯುತ್ತೆ. 8000 ಆರ್‌ಪಿಎಂಗೆ ಹೋದ್ರೆ ಎರಡು ಟನ್. ಆರ್‌ಪಿಎಂ ಏರಿದ್ದು 14%, ಎಳೆತ ಏರಿದ್ದು 31%, ಯಾಕಂದ್ರೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ. ಎಕ್ಸಾಸ್ಟ್ ಮುಗಿದು ಇನ್‌ಟೇಕ್ ಶುರು ಆಗೋವಾಗ ಮೇಲಿಂದ ಒತ್ತೋಕೆ ಗ್ಯಾಸೂ ಇರಲ್ಲ, ಅಷ್ಟೂ ಎಳೆತ ಎರಡು ಬೋಲ್ಟಿನ ಮೇಲೆ. ಆದ್ರಿಂದ ಆರ್‌ಪಿಎಂ ಕೊಲ್ಲೋದು ಬೋಲ್ಟನ್ನ, ಬೂಸ್ಟು ಮತ್ತೆ ಕೆಳಗಿನ ಟಾರ್ಕು ಕೊಲ್ಲೋದು ರಾಡಿನ ಕಾಂಡವನ್ನ, ಬಗ್ಗಿಸಿ. ಗೇರ್ ತಪ್ಪಾಗಿ ಕೆಳಗೆ ಹಾಕಿ ಆರ್‌ಪಿಎಂ ಹಾರಿಸಿದ್ರೆ ಆರ್‌ಪಿಎಂ ತಡೆಯೋ ಲಿಮಿಟರ್ ಕಾಪಾಡಲ್ಲ ಅನ್ನೋದೂ ಇದಕ್ಕೇ ಸೇರಿದ್ದು.

ಪಿಸ್ಟನ್ನಿನ ಸರಾಸರಿ ವೇಗನೂ ಒಂದ್ಸಲ ನೋಡ್ಕೊಳ್ಳಿ, ಸ್ಟ್ರೋಕನ್ನ ಮೀಟರಲ್ಲಿ ಬರೆದು ಎರಡರಿಂದ ಗುಣಿಸಿ ಆರ್‌ಪಿಎಂನಿಂದ ಗುಣಿಸಿ 60ರಿಂದ ಭಾಗಿಸಿ. 86 ಸ್ಟ್ರೋಕ್ 7000ಕ್ಕೆ ಸೆಕೆಂಡಿಗೆ 20 ಮೀಟರ್. 84 ಸ್ಟ್ರೋಕಿನ ಹೋಂಡಾ ಎಸ್2000 ತನ್ನ 9000 ಹತ್ತಿರದ ಕೆಂಪು ಗೆರೆಯಲ್ಲಿ 25 ಮುಟ್ಟುತ್ತೆ, ರಸ್ತೆ ಗಾಡಿಗೆ ಅದು ತುಂಬಾ ಜಾಸ್ತಿ. ನಿಮ್ಮ ಲೆಕ್ಕ 25 ದಾಟ್ತಿದ್ರೆ ಹಗುರ ಪಿಸ್ಟನ್ನು, ಒಳ್ಳೇ ರಾಡು, ಬೋಲ್ಟು, ವಾಲ್ವ್ ಸ್ಪ್ರಿಂಗು ಯಾವುದರಲ್ಲೂ ಕೈ ಬಿಗಿ ಹಿಡಿಯೋ ಹಾಗಿಲ್ಲ.

ರಾಡಿನ ಕಾಂಡ ಎಚ್ ಆಕಾರದ ಎಚ್-ಬೀಮ್ ಒಳ್ಳೇದಾ ಐ ಆಕಾರದ ಐ-ಬೀಮ್ ಒಳ್ಳೇದಾ ಅಂತ ಗಂಟೆಗಟ್ಲೆ ಜಗಳ ಆಡ್ತಾರೆ. 4340 ಸ್ಟೀಲ್ ಫೋರ್ಜಿಂಗ್ ಆಗಿದ್ದು, ಮಶೀನಿಂಗ್ ಚೆನ್ನಾಗಿದ್ರೆ ಎರಡೂ ನಡೆಯುತ್ತೆ, ನೀವು ಕೇಳ್ಬೇಕಾಗಿರೋದು ಬೋಲ್ಟ್ ಯಾವುದು ಅಂತ. ಎಆರ್‌ಪಿ ಕಂಪನಿಯ 2000 ಬೋಲ್ಟ್ ಬಹಳ ಬಿಲ್ಡಿಗೆ ಸಾಕು. ಬೋಲ್ಟನ್ನ ಬರೀ ಟಾರ್ಕ್ ರೆಂಚ್ ನಂಬಿ ಬಿಗಿಬೇಡಿ, ಎಷ್ಟು ಉದ್ದ ಹಿಗ್ಗಿತು ಅಂತ ಸ್ಟ್ರೆಚ್ ಗೇಜಲ್ಲಿ ನೋಡಿ, ರಾಡ್ ಜೊತೆ ಬರೋ ಹಾಳೆಯಲ್ಲಿ ಬೋಲ್ಟ್ ಎಷ್ಟು ಹಿಗ್ಗಬೇಕು ಅನ್ನೋ ಅಳತೆ ಇರುತ್ತೆ. ಅವರು ಕೊಟ್ಟ ಗ್ರೀಸನ್ನೇ ಹಚ್ಚಿ, ಇಂಜಿನ್ ಆಯಿಲ್ ಹಚ್ಚಿ ಅದೇ ಟಾರ್ಕಿಗೆ ಬಿಗಿದ್ರೆ ಬೋಲ್ಟಿನ ಬಿಗಿ ಬೇರೇನೇ ಆಗುತ್ತೆ. ಹಳೇ ರಾಡಿಗೆ ಹೊಸ ಬೋಲ್ಟ್ ಹಾಕಿದ್ರೂ ದೊಡ್ಡ ತೂತು ಒಂಚೂರು ಆಕಾರ ಬದಲಾಯಿಸುತ್ತೆ, ಮಶೀನ್ ಶಾಪಲ್ಲಿ ಮತ್ತೆ ಅಳೆದು ಹೋನ್ (ಕಲ್ಲಲ್ಲಿ ಉಜ್ಜಿ ದುಂಡಗೆ) ಮಾಡಿಸ್ಲೇಬೇಕು.

ರಿಂಗು: ಇಲ್ಲಿ ನಿಧಾನ ಮಾಡಿ

ನನ್ನ ಮೊದಲನೇ ಟರ್ಬೋ ಬಿಲ್ಡ್ ಸತ್ತಿದ್ದು ಇಲ್ಲೇ. ರಿಂಗ್ ಡಬ್ಬದಿಂದ ತೆಗೆದು ಹಾಗೇ ಹಾಕ್ಬಹುದು, ರಿಂಗಿನ ಎರಡು ತುದಿ ಮಧ್ಯದ ಗ್ಯಾಪ್ ಎಲ್ಲಾ ಸರಿಯಾಗೇ ಇರುತ್ತೆ ಅಂತ ಜೋಡಿಸಿಕೊಟ್ಟೋರು ಹೇಳಿದ್ರು, ನಾನೂ ಅಳೀಲಿಲ್ಲ. ಮೂರನೇ ವಾರ ಬೂಸ್ಟ್ ಏರಿಸಿದ ದಿನ ಒಂದು ಸಿಲಿಂಡರಲ್ಲಿ ಕಂಪ್ರೆಷನ್ ಹೋಯ್ತು, ಡಿಪ್‌ಸ್ಟಿಕ್ ಕೊಳವೆಯಿಂದ ಹೊಗೆ. ಬಿಚ್ಚಿ ನೋಡಿದ್ರೆ ರಿಂಗಿನ ಎರಡು ತುದಿಯೂ ಕನ್ನಡಿ ಥರ ಹೊಳೀತಿತ್ತು, ಒಂದಕ್ಕೊಂದು ಗುದ್ದಾಡಿದ ಗುರುತು, ಪಿಸ್ಟನ್ನಿನ ಅಂಚು ಎರಡು ತುಂಡಾಗಿ ಕೈಗೆ ಬಂತು. ಪಿಸ್ಟನ್ ತಪ್ಪಿಲ್ಲ, ಟ್ಯೂನ್ ತಪ್ಪಿಲ್ಲ, ಕೂದಲೆಳೆಯಷ್ಟು ಗ್ಯಾಪ್ ಕಮ್ಮಿ ಇತ್ತು ಅಷ್ಟೇ.

ಆಗೋದೇನಂದ್ರೆ ರಿಂಗ್ ಬಿಸಿ ಆಗಿ ಉದ್ದ ಆಗುತ್ತೆ, ಎರಡೂ ತುದಿ ಹತ್ರ ಬರುತ್ತೆ, ಜಾಗ ಮುಗಿದ್ರೆ ಮುಂದೆ ಹೋಗೋಕೆ ದಾರಿ ಇಲ್ದೆ ಗೋಡೆಗೆ ಒತ್ತಿ ಹಿಡ್ಕೊಂಡ್ಬಿಡುತ್ತೆ. ಜಾಸ್ತಿ ಪವರ್ ಅಂದ್ರೆ ಜಾಸ್ತಿ ಬಿಸಿ, ಜಾಸ್ತಿ ಬಿಸಿ ಅಂದ್ರೆ ಜಾಸ್ತಿ ಗ್ಯಾಪ್. ಮೊದಲನೇ ರಿಂಗಿಗೆ ಟರ್ಬೋ ಇಲ್ದೆ ಇರೋ ರಸ್ತೆ ಗಾಡಿಗೆ ಬೋರಿನ 0.004 ಭಾಗ, ಜೋರು ಬೂಸ್ಟಿಗೆ 0.006 ಭಾಗ ಅನ್ನೋದು ಎಲ್ರೂ ಬಳಸೋ ಅಂದಾಜು. 86 ಎಂಎಂಗೆ 0.34 ಮತ್ತೆ 0.52 ಎಂಎಂ ಬರುತ್ತೆ. ಪಿಸ್ಟನ್ ಜೊತೆ ಬಂದ ಹಾಳೆಯಲ್ಲಿ ಬೇರೆ ಇದ್ರೆ ಆ ಹಾಳೆನೇ ಸರಿ. ಎರಡನೇ ರಿಂಗಿನ ಗ್ಯಾಪ್ ಮೊದಲನೇದಕ್ಕಿಂತ ಸ್ವಲ್ಪ ಜಾಸ್ತಿ ಇಡಿ, ಮೇಲಿಂದ ನುಸುಳಿ ಬಂದ ಗ್ಯಾಸು ಎರಡರ ಮಧ್ಯೆ ಸಿಕ್ಕಾಕೊಂಡು ಮೇಲಿನ ರಿಂಗನ್ನ ಎತ್ತದೇ ಇರ್ಲಿ ಅಂತ. ಗ್ಯಾಪ್ ಒಂಚೂರು ಜಾಸ್ತಿ ಆದ್ರೆ ಸ್ವಲ್ಪ ಬ್ಲೋಬೈ (ರಿಂಗ್ ದಾಟಿ ಕೆಳಗೆ ನುಸುಳೋ ಗ್ಯಾಸ್), ಅಷ್ಟೇ. ಕಮ್ಮಿ ಆದ್ರೆ ಇಂಜಿನ್ನೇ ಇಲ್ಲ. ಅನುಮಾನ ಬಂದಾಗ ಯಾವ ಕಡೆ ವಾಲ್ಬೇಕು ಅಂತ ಇನ್ನು ಹೇಳೋದು ಬೇಡ ಅಲ್ವಾ.

ಅಳೆಯೋದು ಹೀಗೆ. ರಿಂಗನ್ನ ಅದೇ ಸಿಲಿಂಡರ್ ಒಳಗೆ ಇಟ್ಟು, ರಿಂಗ್ ಇಲ್ದೆ ಇರೋ ಪಿಸ್ಟನ್ನನ್ನ ತಲೆಕೆಳಗಾಗಿ ಹಿಡಿದು ಎರಡ್ಮೂರು ಸೆಂಟಿಮೀಟರ್ ಒಳಗೆ ತಳ್ಳಿ, ಆಗ ರಿಂಗ್ ಓರೆ ಇಲ್ದೆ ನೇರ ಕೂರುತ್ತೆ. ಫೀಲರ್ ಗೇಜ್ ಹಾಕಿ ನೋಡಿ. ಕಮ್ಮಿ ಇದ್ರೆ ರಿಂಗ್ ಫೈಲರಲ್ಲಿ ಒಂದೇ ತುದಿಯನ್ನ ಉಜ್ಜಿ, ಹೊರಗಿಂದ ಒಳಗಡೆಗೆ ಉಜ್ಜಬೇಕು, ಉಲ್ಟಾ ಉಜ್ಜಿದ್ರೆ ಹೊರಗಿನ ಲೇಪ ಕಿತ್ತು ಬರುತ್ತೆ. ಆಮೇಲೆ ಅಂಚನ್ನ ಕಲ್ಲಿನಲ್ಲಿ ಮೆತ್ತಗೆ ಸವರಿ. ಯಾವ ರಿಂಗ್ ಯಾವ ಸಿಲಿಂಡರಿಂದು ಅಂತ ಬರೆದಿಟ್ಕೊಳ್ಳಿ, ಯಾಕಂದ್ರೆ ಬೋರ್ 0.1 ಎಂಎಂ ದೊಡ್ಡ ಆದ್ರೆ ಗ್ಯಾಪ್ 0.3 ಎಂಎಂ ತೆರ್ಕೊಳ್ಳುತ್ತೆ, ಸಿಲಿಂಡರಿಂದ ಸಿಲಿಂಡರಿಗೆ ಸಣ್ಣ ವ್ಯತ್ಯಾಸನೂ ಇಲ್ಲಿ ದೊಡ್ಡದಾಗಿ ಕಾಣುತ್ತೆ. ಜೋಡಿಸೋವಾಗ ಗುರುತು ಇರೋ ಮುಖ ಮೇಲೆ, ಆಯಿಲ್ ರಿಂಗಿನ ಸ್ಪ್ರಿಂಗ್ ತುದಿಗಳು ಒಂದಕ್ಕೊಂದು ತಾಗಿ ನಿಲ್ಬೇಕು, ಒಂದರ ಮೇಲೊಂದು ಹತ್ತಬಾರದು.

ಬ್ಲಾಕಿಗೆ ಕೈ ಹಾಕೋದು ಪಿಸ್ಟನ್ ಬಂದ್ಮೇಲೆ

ಬೋರಿಂಗ್ ಮೊದಲು ಮಾಡಿಸಿ ಆಮೇಲೆ ಪಿಸ್ಟನ್ ಹುಡುಕೋದು ತಪ್ಪು. ಪಿಸ್ಟನ್ ಕೈಗೆ ಬರ್ಲಿ, ಪ್ರತಿಯೊಂದನ್ನೂ ಮೈಕ್ರೋಮೀಟರಲ್ಲಿ ಅಳೀರಿ, ಆಮೇಲೆ ಆ ಅಳತೆಗೆ ಬ್ಲಾಕ್ ಬೋರ್ ಮಾಡಿಸಿ. ಪಿಸ್ಟನ್ ಪೂರ್ತಿ ದುಂಡಗಿರಲ್ಲ, ಪಿನ್ ಕಡೆ ಕಿರಿದು, ಸ್ಕರ್ಟ್ (ಗೋಡೆಗೆ ಉಜ್ಜೋ ಪಕ್ಕ) ಕಡೆ ಅಗಲ, ಮೇಲೆ ಸಣ್ಣ ಕೆಳಗೆ ದಪ್ಪ, ಹಾಗಾಗಿ ಎಲ್ಲಂದ್ರಲ್ಲಿ ಅಳೆದ್ರೆ ಪ್ರಯೋಜನ ಇಲ್ಲ, ತಯಾರಕರು ಹೇಳಿದ ಎತ್ತರದಲ್ಲೇ ಪಿನ್ನಿಗೆ ಅಡ್ಡವಾಗಿ ಅಳೀಬೇಕು. ಸ್ಕರ್ಟ್ ಮೇಲೆ ಕಪ್ಪು ಲೇಪ ಇದ್ರೆ ಆ ಲೇಪ ಸೇರಿಸಿ ಅಳೀಬೇಕಾ ಬಿಟ್ಟಾ ಅಂತ ಹಾಳೆ ಓದಿ ತಿಳ್ಕೊಳ್ಳಿ, ಇದನ್ನ ಬಹಳ ಜನ ಮರೀತಾರೆ. 86 ಎಂಎಂ ಸುತ್ತಮುತ್ತ 4032ಗೆ 0.05ರಿಂದ 0.075 ಎಂಎಂ, 2618ಗೆ 0.075ರಿಂದ 0.11 ಎಂಎಂ ಹತ್ತಿರ ಸಂದು ಕೇಳ್ತಾರೆ, ಬೂಸ್ಟ್ ಇದ್ರೆ ಮೇಲಿನ ತುದಿಗೆ.

ಬೋರನ್ನ ಎಷ್ಟು ಕಮ್ಮಿ ಆಗುತ್ತೋ ಅಷ್ಟೇ ಹೆಚ್ಚಿಸಿ. ಗೋಡೆ ಶುಚಿ ಆಗೋಕೆ 0.25 ಸಾಕಾದ್ರೆ 1 ಎಂಎಂ ಯಾಕೆ ಕೊರೀಬೇಕು, ಗೋಡೆ ತೆಳ್ಳಗಾಗೋದು ಬಿಟ್ರೆ ಸಿಗೋದು ಕೆಲವೇ ಸಿಸಿ. ಹೋನಿಂಗ್ ಮಾಡೋವಾಗ ಟಾರ್ಕ್ ಪ್ಲೇಟ್ ಹಾಕಿಸಿ, ಅಂದ್ರೆ ಹೆಡ್ ಬದಲು ದಪ್ಪ ಲೋಹದ ಹಲಗೆ ಇಟ್ಟು ಅದೇ ಬೋಲ್ಟು, ಅದೇ ಟಾರ್ಕಲ್ಲಿ ಬಿಗಿದು ಹೋನ್ ಮಾಡೋದು. ಹೆಡ್ ಬಿಗಿದಾಗ ಸಿಲಿಂಡರ್ ಎಷ್ಟು ಸೊಟ್ಟ ಆಗುತ್ತೋ ಅಷ್ಟು ಸೊಟ್ಟ ಆಗಿರೋವಾಗ್ಲೇ ದುಂಡಗೆ ಮಾಡಿದಂಗಾಯ್ತು. ಸ್ಟಡ್ ಬದಲಾಯಿಸೋದಿದ್ರೆ ಆ ಹೊಸ ಸ್ಟಡ್‌ಗಳನ್ನೇ ಹೋನಿಂಗಿಗೂ ಕೊಟ್ಟು ಕಳಿಸಿ. ಮಶೀನ್ ಶಾಪಿನವರು ಟಾರ್ಕ್ ಪ್ಲೇಟ್ ಏನು ಬೇಡ ಅಂದ್ರೆ ನಾನಾದ್ರೆ ಬ್ಲಾಕ್ ಎತ್ಕೊಂಡು ಬೇರೆ ಕಡೆ ಹೋಗ್ತೀನಿ.

ಪಿನ್ನು, ಬೇರಿಂಗು, ಕ್ರ್ಯಾಂಕು

ಪಿಸ್ಟನ್ನನ್ನ ರಾಡಿಗೆ ಕೂಡಿಸೋ ಗಜನ್ ಪಿನ್ನಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬೂಸ್ಟಿಗೆ ಗೋಡೆ ದಪ್ಪ ಇರೋ ಪಿನ್ ಬೇಕು, ತೆಳು ಪಿನ್ ಬಗ್ಗಿದ್ರೆ ಪಿಸ್ಟನ್ ಸೀಳುತ್ತೆ. ಪಿಸ್ಟನ್ ಫ್ಲೋಟಿಂಗ್ (ಸಡಿಲವಾಗಿ ತಿರುಗೋ) ಪಿನ್ನಿಂದು ಆಗಿ ರಾಡು ಪ್ರೆಸ್ ಫಿಟ್ (ಪಿನ್ನನ್ನ ಒತ್ತಿ ಬಿಗಿಯೋ) ಆದ್ರೆ ಹೊಂದಲ್ಲ, ಆರ್ಡರ್ ಮುಂಚೆನೇ ನೋಡ್ಕೊಳ್ಳಿ. ಪಿನ್ ಲಾಕ್ ಯಾವತ್ತೂ ಹೊಸದೇ ಹಾಕಿ.

ಬೇರಿಂಗ್ ಸಂದಿಗೆ ಜರ್ನಲ್ (ಬೇರಿಂಗಿನೊಳಗೆ ತಿರುಗೋ ಕ್ರ್ಯಾಂಕಿನ ಭಾಗ) ವ್ಯಾಸದ ಸಾವಿರದ ಒಂದು ಭಾಗ ಅನ್ನೋದು ಹಳೇ ಲೆಕ್ಕ, ಈಗ್ಲೂ ಸರಿ. 48 ಎಂಎಂ ಜರ್ನಲ್ಲಿಗೆ 0.048 ಎಂಎಂ. ಸಂದು ಜಾಸ್ತಿ ಇಟ್ರೆ ದಪ್ಪ ಆಯಿಲ್ ಬೇಕು, ಪಂಪ್ ಜಾಸ್ತಿ ಹರಿಸ್ಬೇಕು, ಕಮ್ಮಿ ಇಟ್ರೆ ತೆಳು ಆಯಿಲ್. ಈ ಮೂರನ್ನ ಒಟ್ಟಿಗೆ ತೀರ್ಮಾನ ಮಾಡಿ, ಆಮೇಲೆ ಆಯಿಲ್ ಬ್ರ್ಯಾಂಡ್ ಚರ್ಚೆ. ಪ್ಲಾಸ್ಟಿಗೇಜ್ (ಸಂದಲ್ಲಿ ಒತ್ತಿ ಅಗಲ ನೋಡೋ ಪ್ಲಾಸ್ಟಿಕ್ ದಾರ) ಅಂದಾಜಿಗೆ ಸರಿ, ಆದ್ರೆ ಬೋರ್ ಗೇಜು ಮೈಕ್ರೋಮೀಟರು ಇಟ್ಕೊಂಡು ಅಳೆದ್ರೆ ರಾತ್ರಿ ನಿದ್ದೆ ಬರುತ್ತೆ.

ಕ್ರ್ಯಾಂಕ್ ಬಗ್ಗೆ ಒಂದು ಒಳ್ಳೇ ಸುದ್ದಿ, ಬಹಳಷ್ಟು ಪರ್ಫಾರ್ಮೆನ್ಸ್ ಕಾರುಗಳಲ್ಲಿ ಕಂಪನಿ ಕ್ರ್ಯಾಂಕೇ ಫೋರ್ಜ್ಡ್ ಆಗಿ ಬಂದಿರುತ್ತೆ, ಬಿರುಕು ಪರೀಕ್ಷೆ ಮಾಡಿಸಿ, ನೇರ ಇದ್ಯಾ ನೋಡಿ, ಪಾಲಿಶ್ ಮಾಡಿಸಿ ಅದನ್ನೇ ಇಟ್ಕೊಳ್ಳಿ. ಪಿಸ್ಟನ್ನು ರಾಡು ಒಂದಕ್ಕೊಂದು ಒಂದು ಗ್ರಾಂ ಒಳಗೆ ತೂಕ ಹೊಂದಿಸಿ. ಸಾಲಾಗಿ ನಿಂತ ನಾಲ್ಕು ಸಿಲಿಂಡರ್ ಇಂಜಿನ್ನಲ್ಲಿ ಕ್ರ್ಯಾಂಕನ್ನ ಒಂಟಿಯಾಗಿ ಬ್ಯಾಲೆನ್ಸ್ ಮಾಡಿದ್ರೆ ಸಾಕು, ಕ್ರಾಸ್‌ಪ್ಲೇನ್ ವಿ8ಗೆ ಹಾಗಲ್ಲ, ಪಿಸ್ಟನ್ ರಾಡಿನ ತೂಕಕ್ಕೆ ಸರಿಯಾದ ಬಾಬ್‌ವೇಟ್ ಕಟ್ಟಿ ಬ್ಯಾಲೆನ್ಸ್ ಮಾಡ್ಬೇಕು, ಅಂದ್ರೆ ಪಿಸ್ಟನ್ ಬದಲಾದ್ರೆ ಬ್ಯಾಲೆನ್ಸೂ ಬದಲಾಯ್ತು. ಕ್ರ್ಯಾಂಕ್ ತಿರುಚೋ ಕಂಪನವನ್ನ ತಡೆಯೋಕೆ ಅದರ ಮುಂದಿರೋ ರಬ್ಬರ್ ಡ್ಯಾಂಪರ್ ತೆಗೆದು ಹಗುರ ಅಲ್ಯೂಮಿನಿಯಂ ಪುಲ್ಲಿ ಹಾಕೋ ಆಸೆ ಇದ್ರೆ ಬಿಡಿ. ಕ್ರ್ಯಾಂಕಿನ ತುದಿಯಲ್ಲೇ ಕೂತ ಆಯಿಲ್ ಪಂಪಿನ ಗೇರುಗಳು ಆ ತಿರುಚು ಕಂಪನಕ್ಕೇ ಸೀಳೋದು, ಲಿಮಿಟರಿಗೆ ಪದೇಪದೇ ಬಡಿಯೋ ಗಾಡಿಗೆ ಬಿಲ್ಲೆಟ್ (ಗಟ್ಟಿ ಸ್ಟೀಲ್ ತುಂಡಿಂದ ಕೊರೆದ) ಗೇರ್ ಹಾಕ್ಸಿ. ಬ್ಲಾಕಲ್ಲಿ ಪಿಸ್ಟನ್ ಕೆಳಗೆ ಆಯಿಲ್ ಚಿಮ್ಮೋ ನಳಿಗೆ ಇದ್ರೆ ಅದನ್ನ ಮುಚ್ಚಬೇಡಿ, ಪಿಸ್ಟನ್ ತಣ್ಣಗಿಡೋದೇ ಅದು, ಹೊಸ ಸ್ಕರ್ಟು ಅದಕ್ಕೆ ತಾಗುತ್ತಾ ಅಂತ ಕೈಯಲ್ಲಿ ತಿರುಗಿಸಿ ನೋಡಿ.

ವಾಲ್ವ್ ಪಿಸ್ಟನ್ನಿಗೆ ತಾಗುತ್ತಾ

ಹೊಸ ಕ್ಯಾಮ್ (ವಾಲ್ವ್ ತೆರೆಯೋ ಶಾಫ್ಟ್), ಪ್ಲೇನ್ ಮಾಡಿದ ಹೆಡ್, ತೆಳು ಗ್ಯಾಸ್ಕೆಟ್, ದೊಡ್ಡ ವಾಲ್ವ್, ಇದರಲ್ಲಿ ಯಾವ ಒಂದು ಇದ್ರೂ ಇದನ್ನ ಬಿಡೋ ಹಾಗಿಲ್ಲ. ಮಕ್ಕಳಾಡೋ ಜೇಡಿಮಣ್ಣನ್ನ ಪಿಸ್ಟನ್ ತಲೆ ಮೇಲೆ ಇಟ್ಟು, ಹಳೇ ಗ್ಯಾಸ್ಕೆಟ್ ಹಾಕಿ ಹೆಡ್ ಬಿಗಿದು, ಟೈಮಿಂಗ್ ಸರಿಯಾಗಿ ಕೂರಿಸಿ ಎರಡು ಸುತ್ತು ಕೈಯಲ್ಲಿ ತಿರುಗಿಸಿ, ಬಿಚ್ಚಿ ಮಣ್ಣು ಕತ್ತರಿಸಿ ಎಲ್ಲಿ ತೆಳು ಇದೆ ಅಳೀರಿ. ಹಳೇ ಗ್ಯಾಸ್ಕೆಟ್ ಆಗ್ಲೇ ಒತ್ತಿಹೋಗಿರೋದ್ರಿಂದ ನಿಜವಾದ ದಪ್ಪ ಸಿಗುತ್ತೆ, ಆದ್ರೆ ಹೊಸದು ಬೇರೆ ದಪ್ಪದ್ದಾದ್ರೆ ಆ ವ್ಯತ್ಯಾಸ ಕಳೆದು ಕೂಡಿಸಿ ನೋಡ್ಬೇಕು. ಇನ್‌ಟೇಕಿಗೆ ಕನಿಷ್ಠ 2 ಎಂಎಂ, ಎಕ್ಸಾಸ್ಟಿಗೆ 2.5 ಎಂಎಂ ಇರ್ಲಿ, ಎಕ್ಸಾಸ್ಟ್ ವಾಲ್ವ್ ಬಿಸಿಗೆ ಜಾಸ್ತಿ ಉದ್ದ ಆಗುತ್ತೆ, ಆರ್‌ಪಿಎಂ ಏರಿದಾಗ ಪಿಸ್ಟನ್ ಅದನ್ನ ಅಟ್ಟಿಸ್ಕೊಂಡು ಬರುತ್ತೆ. ಹೈಡ್ರಾಲಿಕ್ ಲಿಫ್ಟರ್ (ಕ್ಯಾಮಿಗೂ ವಾಲ್ವಿಗೂ ಮಧ್ಯೆ ಆಯಿಲ್ ತುಂಬಿ ಕೆಲಸ ಮಾಡೋ ಭಾಗ) ಇದ್ರೆ ಖಾಲಿ ಲಿಫ್ಟರ್ ಕುಸಿದು ಸುಳ್ಳು ಅಳತೆ ಕೊಡುತ್ತೆ, ಗಟ್ಟಿ ಲಿಫ್ಟರ್ ಹಾಕಿ ನೋಡ್ಬೇಕು. ಇನ್‌ಟೇಕ್ ಕ್ಯಾಮ್ ತಿರುಗಿಸೋ ವಿವಿಟಿ ಇದ್ರೆ ಪೂರ್ತಿ ಮುಂದಕ್ಕೆ ತಿರುಗಿದ ಸ್ಥಿತಿಯಲ್ಲಿ ಅಳೀರಿ, ನಿಂತ ಜಾಗದಲ್ಲಿ ಅಳೆದಿದ್ದು ಲೆಕ್ಕಕ್ಕಿಲ್ಲ.

ವಾಲ್ವ್ ಸ್ಪ್ರಿಂಗ್ ಮೆತ್ತಗಿದ್ರೆ ಈ ಎಲ್ಲಾ ಅಳತೆ ನೀರಲ್ಲಿ ಹೋಮ. ವಾಲ್ವ್ ಕ್ಯಾಮನ್ನ ಬಿಟ್ಟು ಹಾರಿದ್ರೆ ಪಿಸ್ಟನ್ನಿಗೇ ಬಂದು ಬಡಿಯೋದು. ಬೂಸ್ಟ್ ಇಂಜಿನ್ನಲ್ಲಿ ಇನ್‌ಟೇಕ್ ವಾಲ್ವಿನ ಬೆನ್ನಿಗೂ ಒತ್ತಡ ಬೀಳುತ್ತೆ, ಸ್ಪ್ರಿಂಗ್ ಆರಿಸೋವಾಗ ಅದನ್ನೂ ಸೇರಿಸಿ.

ದುಡ್ಡು ಯಾವ ಸಾಲಲ್ಲಿ ಖರ್ಚು ಮಾಡ್ಬೇಕು ಅಂತ ಕೇಳಿದ್ರೆ ನನ್ನ ಸಾಲು ಇದು: ಮೊದಲು ಮಶೀನಿಂಗು ಮತ್ತೆ ಟ್ಯೂನಿಂಗಿಗೆ ಎತ್ತಿಡಿ, ಆಮೇಲೆ ರಾಡು ಬೋಲ್ಟು, ಆಮೇಲೆ ಪಿಸ್ಟನ್ನು ರಿಂಗು, ಆಮೇಲೆ ಬೇರಿಂಗು, ಗ್ಯಾಸ್ಕೆಟ್ಟು, ಹೆಡ್ ಸ್ಟಡ್ಡು, ಆಯಿಲ್ ಪಂಪು. ಕ್ರ್ಯಾಂಕು ಬೇಕೇಬೇಕು ಅಂದ್ರೆ ಮಾತ್ರ. ಎಲ್ಲಾ ಪಾರ್ಟೂ ಮನೆಗೆ ಬಂದು, ಎಲ್ಲಾ ಅಳತೆ ಪುಸ್ತಕದಲ್ಲಿ ಬರೆದು ಮುಗಿಯೋವರೆಗೆ ಒಂದು ಬೋಲ್ಟೂ ಖಾಯಂ ಬಿಗಿಬೇಡಿ. ಮಶೀನ್ ಶಾಪಿಂದ ಬಂದ ಬ್ಲಾಕನ್ನ ಬಿಸಿನೀರು ಸೋಪು ಬ್ರಷ್ ಹಾಕಿ ತೊಳೀರಿ, ಬಿಳೀ ಬಟ್ಟೆಗೆ ಆಯಿಲ್ ಹಚ್ಚಿ ಸಿಲಿಂಡರ್ ಗೋಡೆ ಒರೆಸಿದ್ರೆ ಬಟ್ಟೆ ಬೂದು ಆಗದೇ ಇರೋವರೆಗೂ ತೊಳೀತಾನೇ ಇರಿ, ಹೋನಿಂಗ್ ಕಲ್ಲಿನ ಪುಡಿ ಒಂದು ಚಿಟಿಕೆ ಉಳಿದ್ರೂ ಹೊಸ ರಿಂಗು ಬೇರಿಂಗು ತಿಂದ್ಹಾಕುತ್ತೆ.

ಜೋಡಿಸ್ತಾ ಪ್ರತಿ ಪಿಸ್ಟನ್ ಹಾಕಿದ್ಮೇಲೂ ಕ್ರ್ಯಾಂಕನ್ನ ಕೈಯಲ್ಲಿ ತಿರುಗಿಸಿ, ಬಿಗಿ ಸ್ವಲ್ಪ ಸ್ವಲ್ಪ ಏರ್ಬೇಕು, ಯಾವುದೋ ಒಂದು ಹಾಕಿದಾಗ ತಟ್ಟನೆ ಏರಿದ್ರೆ ಅದನ್ನ ಬಿಚ್ಚಿ ನೋಡಿ, ಆಮೇಲೆ ಸಡಿಲ ಆಗುತ್ತೆ ಅಂತ ಮುಂದೆ ಹೋಗ್ಬೇಡಿ. ಸ್ಪಾರ್ಕ್ ಪ್ಲಗ್ ಇಲ್ದೆ ಸ್ಟಾರ್ಟರಲ್ಲಿ ತಿರುಗಿಸಿ ಆಯಿಲ್ ಪ್ರೆಶರ್ ಬಂದಿದ್ದು ಗೇಜಲ್ಲಿ ನೋಡಿದ್ಮೇಲೇ ಸ್ಟಾರ್ಟ್ ಮಾಡಿ. ಮೊದಲು ಇಂಜಿನ್ ಓಡಿಸಿ ಬಿಸಿ ಆದ್ಮೇಲೆ ಆಯಿಲ್ ಇಳಿಸಿ, ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಚ್ಚಿ ಬೆಳಕಿಗೆ ಹಿಡೀರಿ, ಅಲ್ಲೊಂದು ಇಲ್ಲೊಂದು ಸಣ್ಣ ಹೊಳಪು ಇದ್ರೆ ಪರವಾಗಿಲ್ಲ, ರಿಂಗ್ ಕೂರ್ತಿದೆ ಅಂತ. ತಾಮ್ರದ ಬಣ್ಣ ಕಂಡ್ರೆ ಅಥವಾ ಬೆರಳಿಗೆ ಸಿಗೋ ಚೂರಿದ್ರೆ ಮತ್ತೆ ಸ್ಟಾರ್ಟ್ ಮಾಡ್ಬೇಡಿ, ಸಂಪ್ (ಕೆಳಗಿನ ಆಯಿಲ್ ತಟ್ಟೆ) ಬಿಚ್ಚಿ ಬೇರಿಂಗ್ ನೋಡಿ.